ಕೆಂಪಾಜಮ್ಮನ ಮಂಗಳವಾರ

ಟಿ. ನರಸೀಪುರದ ಒಂದು ಕ್ಲಿನಿಕ್ಕಿನಲ್ಲಿ ಬಿಪಿ, ತೂಕ ನೋಡುವ ಕೆಲಸ ನನ್ನದು. ಸೋಸಲೆ ಕಡೆಯ ಕೆಂಪಾಜಮ್ಮ ಮೊದಲ ಸಲ ಬಂದಾಗ ಆಕೆಗೆ ಐವತ್ತು. ಮುಟ್ಟು ನಿಂತು ಎಂಟು ತಿಂಗಳಾಗಿತ್ತು. ಮೈಯೆಲ್ಲ ಕಾವು, ಬೆವರು, ನಿದ್ದೆಯಿಲ್ಲ. ಸೊಂಟ ದಪ್ಪವಾಗಿ, ಸಕ್ಕರೆಯೂ ಏರತೊಡಗಿತ್ತು. ಡಾಕ್ಟರ್ ಹೇಮಲತಾ ಪರೀಕ್ಷೆಗಳನ್ನೆಲ್ಲ ಮಾಡಿಸಿ ಹಾರ್ಮೋನ್ ಮಾತ್ರೆ ಬರೆದರು. "ಇದು ಕಾವಿಗೆ, ಸಕ್ಕರೆಗಲ್ಲ. ಅನ್ನ ಕಮ್ಮಿ ಮಾಡಿ, ನಡೀರಿ. ತಿಂಗಳಿಗೊಮ್ಮೆ ಮುಟ್ಟು ಬರ್ಬೋದು, ಗಾಬರಿಯಾಗ್ಬೇಡಿ" ಎಂದರು. ಕೆಂಪಾಜಮ್ಮ ತಲೆಯಾಡಿಸಿದರು. ಡಾಕ್ಟರ ಮುಂದೆ ನಮ್ಮ ಹೆಂಗಸರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅವರ ಬೀದಿಯ ಮಾರಮ್ಮನ ಗುಡಿಯಲ್ಲಿ ಮಂಗಳವಾರದ ಆರತಿಗೆ ತಂಬಿಟ್ಟು ಮಾಡುವವರು ಮುಟ್ಟು ನಿಂತ ಹೆಂಗಸರು ಮಾತ್ರ. ಮದುವೆಯಾಗಿ ಬಂದಾಗಿನಿಂದ ಹೊಸ್ತಿಲಾಚೆ ನಿಂತು ನೋಡಿದ್ದ ಕೆಂಪಾಜಮ್ಮನಿಗೆ ಕೊನೆಗೂ ಒಲೆಯ ಮುಂದೆ ಜಾಗ ಸಿಕ್ಕಿತ್ತು.

ಮಾತ್ರೆಯಿಂದ ನಿದ್ದೆ ಬಂತು. ಸಂಜೆ ನಾಲೆ ಏರಿಯ ಮೇಲೆ ನಡೆದರು, ಸಕ್ಕರೆ ಇಳಿಯಿತು. ಆದರೆ ಮುಟ್ಟೂ ಮರಳಿತು, ಅದೂ ಮಂಗಳವಾರವೇ. ತಲೆನೋವೆಂದು ಸುಳ್ಳು ಹೇಳಿ ಮನೆಯಲ್ಲುಳಿದರು. ಮುಂದಿನ ತಿಂಗಳೂ ಅದೇ ಸುಳ್ಳು. ಓರಗಿತ್ತಿ ಚಿನ್ನಮ್ಮ, "ಆಗ್ದಿದ್ರೆ ಬುಡವ್ವ, ಬೇರೆಯೋರು ಕೂತ್ಕತ್ತಾರೆ" ಎಂದ ದಿನವೇ ಮಾತ್ರೆ ಕಸಕ್ಕೆ ಹೋಯಿತು.

ಆರು ತಿಂಗಳ ಮೇಲೆ ಮತ್ತೆ ಬಂದರು. ಕಾವು ಮರಳಿ ನಿದ್ದೆ ಕೆಟ್ಟು, ಸಂಜೆಯ ನಡಿಗೆಯೂ ನಿಂತಿತ್ತು. ಸಕ್ಕರೆ ಮೊದಲಿಗಿಂತ ಜಾಸ್ತಿ, ಕಣ್ಣ ಸುತ್ತ ಕಪ್ಪು. ಡಾಕ್ಟರು ರೇಗಿದರು. "ಏನೂ ಕೇಳ್ದೆ ಮಾತ್ರೆ ಬಿಟ್ಬಿಡೋದಾ?"

ಕೆಂಪಾಜಮ್ಮ ಈ ಸಲ ತಲೆಯಾಡಿಸಲಿಲ್ಲ. "ತೂಕ ಎಷ್ಟು, ಸಕ್ಕರೆ ಎಷ್ಟು, ಎಲ್ಲಾನೂ ಕೇಳುದ್ರಿ ಮೇಡಂ. ಮಂಗಳವಾರ ನಾನೇನ್ ಮಾಡ್ತೀನಿ ಅಂತ ಒಬ್ರೂ ಕೇಳ್ನಿಲ್ಲ."

ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಡಾಕ್ಟರು ಪೆನ್ನು ಕೆಳಗಿಟ್ಟು, "ಈಗ ಕೇಳ್ತಿದೀನಿ, ಹೇಳಿ" ಎಂದರು. ಆಕೆ ಗುಡಿ, ಒಲೆ, ಸುಳ್ಳು ಎಲ್ಲವನ್ನೂ ಹೇಳಿದರು.

"ನಡುವೆ ಬಂದಿದ್ದು ಮಾತ್ರೆಯಿಂದ. ನಿಮ್ಮ ಸಹಜ ಮುಟ್ಟು ನಿಂತು ವರ್ಷ ದಾಟಿದೆ. ಇನ್ನು ಬೇರೆ ಥರದ ಮಾತ್ರೆ ಕೊಡ್ಬೋದು, ತಿಂಗಳ ಮುಟ್ಟು ಬರಲ್ಲ. ಮೊದಮೊದಲು ಒಂಚೂರು ಕಾಣಿಸ್ಕೊಂಡ್ರೂ ಕಾಣಿಸ್ಕೋಬೋದು."

ಕೆಂಪಾಜಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಕಂಡ್ರೆ ಆ ವಾರ ಒಲೆ ಮುಂದೆ ಕೂರಾಕಿಲ್ಲ. ಯಾಕೆ ಅಂತ ಚಿನ್ನಮ್ಮಂಗೆ ಎಲ್ಲಾರ ಮುಂದೇನೇ ಹೇಳ್ತೀನಿ. ಬರ್ಕೊಡಿ ಮೇಡಂ, ನಾನು ನಿದ್ದೆ ಮಾಡ್ಬೇಕು."