ಜವಾಬಿಲ್ಲದ ಮೊಹರಂ ಪದ

ಆಗೆಲ್ಲ ನಮ್ಮ ಮೋರಖಂಡಿಯಲ್ಲಿ ಮೊಹರಂ ಬಂತೆಂದರೆ ಓಣಿ ತುಂಬ ಚೊಂಗೆ ಎಂಬ ಸಿಹಿರೊಟ್ಟಿಯ ಬೆಲ್ಲದ ವಾಸನೆ. ನಾವು ಹುಡುಗಿಯರು ಬೆಂಕಿ ಹಾಕುವ ಅಲಾವಿ ಕುಣಿಯ ಹತ್ತಿರ ಕುಂಟಾಟ ಆಡುತ್ತ, ಅಪ್ಪ ಪದ ಎತ್ತುವುದನ್ನೇ ಕಾಯುತ್ತಿದ್ದೆವು.

ಪದ ಅಪ್ಪನೊಬ್ಬನದಲ್ಲ. ಸವಾಲು ನಮ್ಮ ಮನೆಯದು, ಜವಾಬು ನಮ್ಮ ಓಣಿಯ ದಸ್ತಗೀರ ಚಾಚಾನ ಮನೆಯದು. ಕೇಳಲಿಕ್ಕೆ ಅದು ಕರ್ಬಲಾದಲ್ಲಿ ನೀರಿಲ್ಲದೆ ಬಾಯಾರಿದ ಮಕ್ಕಳ ಕತೆ. ಹುಟ್ಟಿದ್ದು ಮಾತ್ರ ನಮ್ಮೂರಲ್ಲೇ ಎನ್ನುತ್ತಿದ್ದಳು ಆಯಿ, ಅಂದರೆ ಅಪ್ಪನ ತಾಯಿ.

"ಬರ ಬಿದ್ದಾಗ ಅವ್ರ ಬಾವ್ಯಾಗಷ್ಟ ನೀರಿತ್ತವ್ವ. ನಮ್ಮ ಹಿರ್ಯಾ ಬಾಯಿಬಿಟ್ಟು ಕೇಳಾಕ ನಾಚಿ ಪದದಾಗ ಕೇಳಿದ. ಅವ್ರೂ ಪದದಾಗೇ ಹೂಂ ಅಂದು ಹಗ್ಗ ಕೊಟ್ರು."

ಅಂದಿನಿಂದ ಕೇಳುವವರು ನಾವು, ಕೊಡುವವರು ಅವರು. ಒಬ್ಬರ ಪಾಲನ್ನು ಇನ್ನೊಬ್ಬರು ಹಾಡುವಂತಿರಲಿಲ್ಲ.

ನಿಜಾಮನ ರಾಜ್ಯ ಹೋದ ವರ್ಷ ಚಾಚಾ ಹುಮನಾಬಾದಿನ ಸಂತೆಗೆ ಹೋದವನು ತಿರುಗಿ ಬರಲಿಲ್ಲ. ಆ ದಿನಗಳಲ್ಲಿ ಹಾಗೆ ಹೋದ ಎಷ್ಟೋ ಮುಸಲ್ಮಾನರು ಬರಲಿಲ್ಲ. ಅಪ್ಪ ಹುಡುಕಿಕೊಂಡು ಹೋದ. ಏನು ಕಂಡನೋ ಏನೋ, ಬಂದು ಕೈಕಾಲು ತೊಳೆದು ರೊಟ್ಟಿ ತಿಂದ. ನನಗೂ ಅಳು ಬರಲಿಲ್ಲ. ಚಾಚಾ ಎಂದರೆ ನನಗೆ ಪ್ರಾಣ, ಆದರೂ ಬರಲಿಲ್ಲ.

ಅದರ ಬೆನ್ನಿಗೇ ಮೊಹರಂ ಬಂತು. ಯಾರೂ ಚೊಂಗೆ ಮಾಡಲಿಲ್ಲ. ಸಂಜೆ ಅಪ್ಪ ಕುಣಿಯ ಮುಂದೆ ನಿಂತು ಒಂದು ಸವಾಲು ಹಾಡಿದ. ಜವಾಬಿಗೆ ಹಿಡಿಯುವಷ್ಟು ಹೊತ್ತು ಸುಮ್ಮನೆ ನಿಂತ. ಆಮೇಲೆ ಮುಂದಿನ ಸವಾಲು ಎತ್ತಿದ. ಊರ ಪಾಟೀಲರಿಗೆ ತಡೆಯಲಾಗಲಿಲ್ಲ.

"ಬಸಪ್ಪಾ, ಜವಾಬೂ ನಿನಗ ಬಾಯಿಪಾಠ ಅದ. ಹಾಡಿಬಿಡೊ ಮಾರಾಯಾ, ಪದ ಮಣ್ಣಾಗ ಹೋಗ್ತದ."

"ನಾ ಹಾಡಿದ್ರ ಅಂವ ಬರಂಗಿಲ್ಲಂತ ನಾನೇ ಹೇಳಿದಂಗ ಆಗ್ತದ್ರಿ" ಎಂದ ಅಪ್ಪ.

ಮಕ್ಕಳಿಲ್ಲದ ಚಾಚಿ ತನ್ನ ಬಾಗಿಲ ಪರದೆಯ ಹಿಂದೆ ನಿಂತು ಕೇಳುತ್ತಿದ್ದಳು. ನನ್ನನ್ನು ಕರೆದು, "ಬೇಟಾ, ಮುಂದಿನ ವರ್ಸಾನೂ ಹಿಂಗೇ ಜಾಗಾ ಬಿಡಂತ ನಿಮ್ಮಪ್ಪಗ ಹೇಳು" ಎಂದಳು.

ಅಪ್ಪ ಸಾಯುವತನಕ ಜಾಗ ಬಿಟ್ಟೇ ಹಾಡಿದ. ಮನೆಯಲ್ಲಿ ಸಹ ಜವಾಬಿನ ಒಂದು ಸಾಲು ಗುನುಗಲಿಲ್ಲ. ನಾನಾದರೂ ಕಲಿಯಬಾರದಿತ್ತೇ? ಅವರ ಪಾಲು ಅವರಲ್ಲಿರುತ್ತದೆ ಎಂದುಕೊಂಡಿದ್ದೆ.

ಈಗ ಚಾಚಿಯೂ ಇಲ್ಲ. ಅವರ ಬಾವಿಯನ್ನು ಕಲ್ಲುಮಣ್ಣು ಹಾಕಿ ಮುಚ್ಚಿದ್ದಾರೆ. ಮೊನ್ನೆ ಮೊಮ್ಮಗಳು ಆ ಪದ ಹೇಳೆಂದು ಗಂಟುಬಿದ್ದಳು. ಬಂದಷ್ಟು ಹೇಳಿದೆ.

"ಮುಂದ ಏನಾತು ಆಯಿ? ನೀರು ಕೊಟ್ರಾ?"

"ಕೊಟ್ಟಿದ್ರವ್ವ," ಎಂದೆ. "ಪದದಾಗ ಮಾತ್ರ ಕೇಳೂದಷ್ಟ ಉಳದದ."