ಉಮ್ಮ ಅಳೆದು ಕೊಟ್ಟ ಅಕ್ಕಿ

ಆ ಕಾಲದಲ್ಲಿ ರಂಜಾನ್ ತಿಂಗಳ ನೋಂಬಿನ ಸಂಜೆಗಳಿಗೆಲ್ಲ ಒಂದೇ ವಾಸನೆ ಇತ್ತು. ಚಾರ್ಮಾಡಿಗೆ ಹೋಗುವ ರಸ್ತೆಯ ಬದಿಯ ನಮ್ಮ ಕಕ್ಕಿಂಜೆಯಲ್ಲಿ, ಬಾಂಗು ಕೇಳುವ ಸ್ವಲ್ಪ ಮುಂಚೆ, ಮನೆಮನೆಯಲ್ಲೂ ತರಿಗಂಜಿಗೆ ಈರುಳ್ಳಿ ಹುರಿಯುತ್ತಿದ್ದರು. ಉಳಿದವರು ತುಪ್ಪದಲ್ಲಿ, ನನ್ನ ಉಮ್ಮ ತೆಂಗಿನೆಣ್ಣೆಯಲ್ಲಿ. ದೂರದಿಂದ ಆ ವ್ಯತ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ.

ಬಾಪ ತೀರಿಹೋದದ್ದು ನನಗೆ ನೆನಪಿಲ್ಲ. ಉಮ್ಮ ಊರಿನ ನಮ್ಮ ಹೆಂಗಸರಿಗೆ ಕುಪ್ಪಾಯ ಹೊಲಿದುಕೊಟ್ಟು ನನ್ನನ್ನು ಸಾಕುತ್ತಿದ್ದಳು. ಮಿಷನ್ ಇರಲಿಲ್ಲ, ಉದ್ದ ತೋಳಿನ ಆ ರವಿಕೆಯನ್ನು ಕೈಯಲ್ಲೇ ಹೊಲಿಯಬೇಕು. ಹಬ್ಬ ಹತ್ತಿರವಾದಂತೆ ಬಟ್ಟೆ ತಂದವರನ್ನು ವಾಪಸು ಕಳಿಸಬೇಕಾಗುತ್ತಿತ್ತು.

ಆ ವರ್ಷ ನಮ್ಮ ಪಳ್ಳಿಗೆ, ಅಂದರೆ ಮಸೀದಿಗೆ, ನಮಾಜು ಮಾಡಿಸಿ ಮಕ್ಕಳಿಗೆ ಓದಿಸುವ ಹೊಸ ಮುಸ್ಲಿಯಾರರು ಬಂದಿದ್ದರು. ಶುಕ್ರವಾರದ ನಮಾಜಿನ ಬಳಿಕ ಅವರು ಹೇಳಿದ್ದನ್ನು ಪಕ್ಕದ ಮನೆಯ ಐಸಮ್ಮ ತನ್ನ ತಮ್ಮನಿಂದ ಕೇಳಿಕೊಂಡು ಓಡಿಬಂದು ಉಮ್ಮನಿಗೆ ತಿಳಿಸಿದರು. "ಸಾವುಕಾರರು ವರ್ಷಕ್ಕೊಮ್ಮೆ ಕೊಡುವ ಝಕಾತ್ ಅಂದರೆ ದಾನ ಅಲ್ಲವಂತೆ, ಬಡವರ ಹಕ್ಕಂತೆ. ಕಸಬು ಗೊತ್ತಿರುವವರಿಗೆ ಕಸಬಿನ ಸಾಮಾನೇ ತೆಗೆದುಕೊಡಬೇಕಂತೆ. ಮುಂದಿನ ವರ್ಷ ಅವರು ಕೈ ಚಾಚಬಾರದಂತೆ. ಹಾಜಾರ್ ಅಲ್ಲೇ ಎದ್ದು ನಿಂತರಂತೆ, ಹಲಿಮಮ್ಮಾ! 'ಆ ಹೊಲಿಯುವ ಹೆಂಗಸಿಗೆ ಈ ಸಲ ನನ್ನ ಝಕಾತಿನಲ್ಲಿ ಮಿಷನ್. ಹಬ್ಬ ಕಳೆಯಲಿ, ಮಂಗಳೂರಿಂದ ತರಿಸ್ತೇನೆ' ಅಂದರಂತೆ."

ಹಾಜಾರ್ ಎಂದರೆ ನಮ್ಮ ಊರಿನ ಮರದ ವ್ಯಾಪಾರಿ. ಅವರ ಮಾತು ಎರಡಾಗುವುದಿಲ್ಲ ಎಂದು ನಾವು ತಿಳಿದಿದ್ದೆವು.

ಉಮ್ಮ ಕಿಟಕಿಯ ಕೆಳಗಿನ ಜಾಗವನ್ನು ಸೆಗಣಿ ಸಾರಿಸಿ ಖಾಲಿ ಬಿಟ್ಟಳು. ನಾನು ಅಲ್ಲಿ ಕುಳಿತು ತೆಂಗಿನ ಮಡಲಿನ ತುಂಡಿನ ಮೇಲೆ ಕಾಲಿಟ್ಟು ಆಡಿಸುತ್ತಿದ್ದೆ.

"ಏನೇ ಅದು?"

"ಮಿಷನ್ ತುಳೀತೇನೆ."

"ಮೆಲ್ಲ ತುಳಿ ಮಾರಾಯ್ತಿ, ನೂಲು ಕಡಿದೀತು."

ಉಮ್ಮ ತಮಾಷೆ ಮಾಡುವವಳಲ್ಲ. ಆ ತಿಂಗಳು ಮಾಡಿದಳು.

ಹಬ್ಬದ ಹಿಂದಿನ ಸಂಜೆ ಅಂಗೈಗೆ ಮದರಂಗಿ ಸೊಪ್ಪಿನ ಮೈಲಾಂಜಿ ಹಚ್ಚಿ ಒಣಗಿಸಿಕೊಂಡು ಕುಳಿತಿದ್ದೆ. ಆಗ ಹಾಜಾರರ ಮನೆಯಿಂದ ಫಿತ್ರ್ ಝಕಾತಿನ ಅಕ್ಕಿ ಬಂತು. ಮನೆಯಲ್ಲಿರುವ ಪ್ರತಿ ತಲೆಯ ಲೆಕ್ಕಕ್ಕೆ ಇಷ್ಟು ಎಂದು, ಹಬ್ಬದ ನಮಾಜಿಗೆ ಮೊದಲು ಇಲ್ಲದವರಿಗೆ ತಲುಪಿಸಬೇಕಾದ ಅಕ್ಕಿ ಅದು. ಉಮ್ಮ ಹಬ್ಬದ ಊಟಕ್ಕೆ ಬೇಕಾದಷ್ಟನ್ನು ಮಡಕೆಗೆ ಹಾಕಿ, ಉಳಿದದ್ದರಲ್ಲಿ ತನ್ನದೂ ನನ್ನದೂ ಪಾಲನ್ನು ಗೆರಸೆಗೆ ಅಳೆದಳು.

"ನಮಗೆ ಕೊಟ್ಟದ್ದನ್ನೇ ನಾವು ಕೊಡುವುದಾ ಉಮ್ಮ?"

"ನಾಳೆಯ ಊಟ ಕಳೆದು ಮಿಕ್ಕಿದರೆ ನಾವೂ ಕೊಡಬೇಕು ಮೋಳೆ. ಇದು ಸಾವುಕಾರರಿಗೆ ಮಾತ್ರ ಇರುವ ಕಟ್ಟಳೆ ಅಲ್ಲ."

ಬೆಳಿಗ್ಗೆ ಆ ಅಕ್ಕಿಯನ್ನು ಐಸಮ್ಮನಿಗೆ ಕೊಟ್ಟು ಬಂದೆವು. ಉಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಳು. ವರ್ಷದಲ್ಲಿ ಅದೊಂದು ದಿನ ಅವಳು ಹಾಗೆ ನಡೆಯುತ್ತಿದ್ದಳು.

ಐಸಮ್ಮ ಹಬ್ಬದ ದಿನ ಹಾಜಾರರ ಮನೆಯಲ್ಲಿ ಪಾತ್ರೆ ತೊಳೆಯುವಾಗ ಇದನ್ನು ಹೊಗಳಿದರು. ಎಂಥ ಹೆಂಗಸು ನೋಡಿ, ತನಗೇ ಇಲ್ಲ, ಆದರೂ ನನಗೆ ಫಿತ್ರ್ ಕೊಟ್ಟಳು ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಹಬ್ಬ ಕಳೆದು ಕೆಲವು ದಿನಗಳಾದ ಮೇಲೆ ಉಮ್ಮ ನನ್ನನ್ನು ಕರೆದುಕೊಂಡು ಹಾಜಾರರ ಮನೆಗೆ ಹೋದಳು. ಬಾಗಿಲ ಮರೆಯಲ್ಲಿ ನಿಂತಳು. ಜಗಲಿಯಲ್ಲಿ ಹಾಜಾರರೂ ಮುಸ್ಲಿಯಾರರೂ ಚಾ ಕುಡಿಯುತ್ತಿದ್ದರು.

"ನೀನೇ ಫಿತ್ರ್ ಕೊಡುವವಳಂತೆ?" ಎಂದರು ಹಾಜಾರ್. ಸಿಟ್ಟಿನಿಂದ ಅಲ್ಲ, ನಗುತ್ತಾ. "ಕೊಡುವವರಿಗೆ ನಾನು ಝಕಾತ್ ಕೊಟ್ಟರೆ ಅದು ಸಲ್ಲುತ್ತದಾ? ನಾಳೆ ಹುಟ್ಟಿಸಿದವನ ಮುಂದೆ ಉತ್ತರ ಹೇಳಬೇಕಾದವನು ನಾನಲ್ವಾ?"

"ಅದು ಬೇರೆ, ಇದು ಬೇರೆ ಹಾಜಾರ್," ಎಂದಳು ಉಮ್ಮ. "ಫಿತ್ರ್ ಬಡವರ ಮೇಲೂ ಉಂಟು. ಕೊಟ್ಟ ಮಾತ್ರಕ್ಕೆ ಅವರು ಸಾವುಕಾರರಾಗುವುದಿಲ್ಲ. ಮುಸ್ಲಿಯಾರರೇ ಇದ್ದಾರೆ, ಕೇಳಿ."

ಹಾಜಾರ್ ತಿರುಗಿ ನೋಡಿದರು. ಮುಸ್ಲಿಯಾರರು ಗ್ಲಾಸಿನೊಳಗೆ ನೋಡಿದರು. ಅವರ ಮೂರು ಹೊತ್ತಿನ ಊಟ ಆ ಮನೆಯಿಂದಲೇ ಹೋಗುತ್ತಿತ್ತು.

"ಕಿತಾಬು ನೋಡಿ ಹೇಳ್ಬೇಕು," ಎಂದರು.

ಅವರು ಕಿತಾಬು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ನಮ್ಮ ಮದ್ರಸದಲ್ಲಿ ಮಕ್ಕಳಿಗೆ ಅದೇ ಪಾಠವನ್ನು ಅವರು ಹೇಳಿಕೊಟ್ಟಿದ್ದರು. ಮಿಷನಿನ ಬದಲು ಸೀರೆಗಳು ಬಂದವು. ಹಾಜಾರರ ಅಂಗಳದಲ್ಲಿ ಹೆಂಗಸರನ್ನು ಬಿಸಿಲಿಗೆ ಸಾಲು ನಿಲ್ಲಿಸಿ ಹಂಚಿದರು. ಸಾಲು ರಸ್ತೆಯವರೆಗೂ ಬಂದಿತ್ತು, ಚಾರ್ಮಾಡಿಗೆ ಹೋಗುವ ಬಸ್ಸಿನವರು ತಲೆ ಹೊರಗೆ ಹಾಕಿ ನೋಡಿದರು. ಉಮ್ಮ ಹೋಗಲಿಲ್ಲ. ಕಿಟಕಿಯ ಕೆಳಗೆ ಬೀಡಿ ಎಲೆಯ ಕಟ್ಟು ಬಂತು. ಹೊಗೆಸೊಪ್ಪಿನ ಘಾಟು ನನ್ನ ಪುಸ್ತಕಗಳಿಗೂ ಅಂಟಿತು.

ಮುಂದಿನ ಹಬ್ಬದ ಬೆಳಿಗ್ಗೆ ಉಮ್ಮ ಮತ್ತೆ ಅಕ್ಕಿ ತೆಗೆದುಕೊಂಡು ಹೋದಾಗ ಐಸಮ್ಮ ಬಾಗಿಲು ಅರ್ಧ ಮಾತ್ರ ತೆರೆದರು.

"ಬೇಡ ಹಲಿಮಮ್ಮಾ. ನಾನು ತೆಗೊಂಡು, ನಿಮಗೆ ಬರುವ ಅಕ್ಕಿಯೂ ನಿಂತರೆ?"

"ಕೊಡದೆ ನನ್ನ ನೋಂಬು ಮೇಲಿನವನಿಗೆ ಮುಟ್ಟುವುದಿಲ್ಲ, ಐಸಮ್ಮ."

"ಹಾಗಾದರೆ ಗುರುತಿಲ್ಲದವರಿಗೆ ಕೊಡಿ."

ಅವರು ಅಳುತ್ತಿದ್ದರು. ಉಮ್ಮ ಅಕ್ಕಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಕದ್ದವಳ ಹಾಗೆ, ಗುರುತಿಲ್ಲದ ಮನೆ ಹುಡುಕುತ್ತಾ ಚಾರ್ಮಾಡಿಯ ಕಡೆಗೆ ನಡೆದಳು. ಪಳ್ಳಿಯಲ್ಲಿ ಹಬ್ಬದ ನಮಾಜಿಗೆ ಮುಂಚಿನ ತಕ್ಬೀರ್ ಕೂಗು ಶುರುವಾಗಿತ್ತು.

ಉಮ್ಮ ಕಟ್ಟಿದ ಬೀಡಿಯ ಮೇಲೆಯೇ ನಾನು ಓದಿದೆ, ಅರ್ಥಶಾಸ್ತ್ರದಲ್ಲಿ ಪದವಿ ಪಡೆದೆ. ಈಗ ಮೂಡುಬಿದಿರೆಯಲ್ಲಿ ಪಾಠ ಹೇಳುತ್ತೇನೆ. ಉಮ್ಮ ನನ್ನ ಜೊತೆಗೇ ಇದ್ದಾಳೆ. ಸಂಪತ್ತು ಕೆಲವರ ಕೈಯಲ್ಲೇ ಸುತ್ತಬಾರದೆಂಬ ನಮ್ಮ ಧರ್ಮದ ಕಟ್ಟಳೆಯ ಬಗ್ಗೆ ಸಭೆಗಳಲ್ಲಿ ಮಾತಾಡಲು ನನ್ನನ್ನು ಕರೆಯುವವರಿದ್ದಾರೆ. ನಾನು ಹೋಗುವುದಿಲ್ಲ. ಕಟ್ಟಳೆಯಲ್ಲಿ ನನಗೆ ಸಂಶಯವಿಲ್ಲ.

ನಮ್ಮ ಮನೆಯಲ್ಲೀಗ ಸಾಕಷ್ಟು ಅಕ್ಕಿ ಇದೆ. ಯಾರೂ ನಮಗೆ ಏನನ್ನೂ ನಿಲ್ಲಿಸುವ ಹಾಗಿಲ್ಲ. ಆದರೂ ಪ್ರತಿ ಹಬ್ಬಕ್ಕೆ ಉಮ್ಮ ಅಕ್ಕಿ ಅಳೆದು ಚೀಲದ ಬಾಯಿ ಬಿಗಿದು ನನ್ನ ಕೈಗೆ ಕೊಡುವಾಗ ಕಿಟಕಿ ಹಾಕುತ್ತಾಳೆ.

"ಹಿಂದಿನ ಬಾಗಿಲಿಂದ ಹೋಗು," ಎನ್ನುತ್ತಾಳೆ. "ಯಾರೂ ನೋಡಬಾರದು."