ಟ್ಯಾಂಕಿನೊಳಗಿನ ಕತ್ತಾಳೆ ಬೆಂಡು

ಸಿರಾ ಊರು ಇನ್ನೂ ಮೈಮುರಿಯುತ್ತಿರುವ ಹೊತ್ತು. ಮಧುಗಿರಿ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ನಿಂತ ಬಸ್ಸಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. ಅವು ಮೆಕ್ಯಾನಿಕ್ ತಿಪ್ಪಯ್ಯನ ಕಾಲುಗಳು. ಈ ದಾರಿಯ ಪ್ರಯಾಣಿಕರಲ್ಲಿ ಅನೇಕರು ಅವನನ್ನು ಕಂಡಿರುವುದೂ ಅಷ್ಟೇ, ಕಾಲಿನ ಮಟ್ಟಿಗೆ. ದೊಡ್ಡೇರಿ ಸೀಮೆ ಹಾದು ಮಧುಗಿರಿಗೆ, ಅಲ್ಲಿಂದ ಪಾವಗಡಕ್ಕೆ ಓಡುವ ಈ ಬಸ್ಸು ಕೈಕೊಡದೆ ಊರು ಮುಟ್ಟಿದರೆ ಜನ ದೇವರಿಗೆ ಕಾಯಿ ಒಡೆಯುತ್ತಾರೆ. ತಿಪ್ಪಯ್ಯ ನೆನಪಾಗುವುದು ಬಸ್ಸು ನಿಂತಾಗ, ಅದೂ ಬೈಗುಳದ ಜೊತೆಗೆ.

ಇವತ್ತಿನ ಕೆಲಸ ಪೆಟ್ರೋಲು ಮೀಟರಿನದು. ಡ್ರೈವರನ ಎದುರಿಗೆ ಗಾಜಿನೊಳಗೆ ಆಡುವ ಮುಳ್ಳು ಎಲ್ಲರಿಗೂ ಕಾಣುತ್ತದೆ. ಅದನ್ನು ಆಡಿಸುವ ಯೂನಿಟ್ಟು ಟ್ಯಾಂಕಿನ ಹೊಟ್ಟೆಯಲ್ಲಿ ಅಡಗಿರುತ್ತದೆ. ಒಂದು ತಂತಿಯ ತೋಳು, ಅದರ ತುದಿಗೆ ತೇಲುವ ಬೆಂಡು. ಪೆಟ್ರೋಲಿನ ಜೊತೆ ಬೆಂಡು ಏರಿಳಿದಂತೆ ಮುಳ್ಳೂ ಏರಿಳಿಯುತ್ತದೆ. ಮಹಾಯುದ್ಧ ಮುಗಿದು ಬಿಡಿಭಾಗಗಳು ಮತ್ತೆ ಸಿಗತೊಡಗಿವೆ, ಹೊಸ ಯೂನಿಟ್ಟು ಬೆಂಗಳೂರಿನಿಂದ ಬಂದಿದೆ.

ತಿಪ್ಪಯ್ಯ ಮೊದಲು ಬ್ಯಾಟರಿಯ ತಂತಿ ಬಿಚ್ಚುತ್ತಾನೆ. ಒಂದು ಕಿಡಿ ಹಾರಿದರೆ ಶೆಡ್ಡೂ ಇಲ್ಲ, ಅವನೂ ಇಲ್ಲ. ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿ, ಪಟ್ಟಿ ಸಡಿಲಿಸಿ, ಟ್ಯಾಂಕನ್ನು ಮೆಲ್ಲಗೆ ಗೋಣಿಚೀಲದ ಮೇಲೆ ಕೂರಿಸುತ್ತಾನೆ. ಸುತ್ತಲಿನ ಸ್ಕ್ರೂಗಳನ್ನು ತೆಗೆದು ಹಳೆಯ ಯೂನಿಟ್ಟನ್ನು ಮೇಲೆತ್ತುತ್ತಾನೆ. ತುದಿಯ ಬೆಂಡು ಕಪ್ಪಗಾಗಿದೆ. ಕೈಯಲ್ಲಿ ಹಿಡಿದರೆ ಭಾರ. ಹಿಂಡಿದರೆ ಪೆಟ್ರೋಲು ತೊಟ್ಟಿಕ್ಕುತ್ತದೆ. ತಿಪ್ಪಯ್ಯ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತಾನೆ.

ಆ ಬೆಂಡು ಅವನದೇ ಕೈಕೆಲಸ. ಯುದ್ಧಕಾಲದಲ್ಲಿ ಹಳೆಯ ಬೆಂಡು ಪುಡಿಯಾಗಿ, ಹೊಸದು ಎಲ್ಲಿಯೂ ಸಿಗದೆ, ಬಸ್ಸಿನ ಯಜಮಾನ ಶಂಕರಲಿಂಗಪ್ಪನವರು ತಲೆ ಕೆಡಿಸಿಕೊಂಡಿದ್ದರು. ತಿಪ್ಪಯ್ಯ ಬುಕ್ಕಾಪಟ್ಟಣದ ಕಡೆಯವನು. ಚಿಕ್ಕಂದಿನಲ್ಲಿ ಒಣಗಿದ ಕತ್ತಾಳೆ ದಂಟನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು. ಅದೇ ದಂಟನ್ನು ಕೆತ್ತಿ, ಜೇನುಮೇಣ ಬಳಿದು, ತಂತಿಗೆ ಸಿಕ್ಕಿಸಿದ. ಕೂಪನ್ನಿಗೆ ಅಳೆದು ಕೊಡುವ ಪೆಟ್ರೋಲನ್ನು ಪರೀಕ್ಷೆಗೆ ಕೊಡುವವರು ಯಾರು? ಬಾವಿನೀರಿನಲ್ಲೇ ತೇಲಿಸಿ ನೋಡಿದ. ಚೆನ್ನಾಗಿಯೇ ತೇಲಿತು. ಸಿರಾ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಸಿಕ್ಕ ಶಹಬಾಸ್‌ಗಿರಿ ಅದೊಂದೇ.

ತಿಂಗಳು ಕಳೆದ ಮೇಲೆ ಮುಳ್ಳು ತಗ್ಗತೊಡಗಿತು. ಸಂಜೆ ಬಸ್ಸು ಹೊರಡುವಾಗ ಯಜಮಾನರು ಬರೆದಿಟ್ಟ ಗುರುತಿಗೂ ಬೆಳಗ್ಗೆ ತಿರುಗಿ ಬಂದಾಗಿನ ಗುರುತಿಗೂ, ದಾರಿಯ ಖರ್ಚು ಕಳೆದರೂ, ತಾಳೆಯಾಗುತ್ತಿರಲಿಲ್ಲ. ಕಡ್ಡಿ ಇಳಿಸಿ ನೋಡೋಣವೆಂದರೆ ಟ್ಯಾಂಕಿನ ಕೊರಳು ಡೊಂಕು. ಪಡಿ ಪೆಟ್ರೋಲಿನ ಕಾಲ, ಟ್ಯಾಂಕು ಎಂದೂ ತುಂಬುತ್ತಿರಲಿಲ್ಲವಾದ್ದರಿಂದ ಮುಳ್ಳಿನ ಸುಳ್ಳು ಬಯಲಾಗುವ ದಾರಿಯೇ ಇರಲಿಲ್ಲ. ಅನುಮಾನ ಡ್ರೈವರ್ ಕಾಟಪ್ಪನ ಮೇಲೆ ಬಿತ್ತು. ಪಾವಗಡದಲ್ಲಿ ಬಸ್ಸಿನೊಳಗೇ ಮಲಗುತ್ತಿದ್ದವನು ಅವನು. ಮೀಟರು ಸರಿಯಾಗಿದೆಯೇನೋ ಎಂದು ಯಜಮಾನರು ಕೇಳಿದಾಗ, ತಿಪ್ಪಯ್ಯ ಎದೆಯುಬ್ಬಿಸಿ ಸರಿಯಾಗಿದೆ ಎಂದ. ಒಂದೇ ಎಲೆಯಲ್ಲಿ ಉಂಡ ಗೆಳೆಯನನ್ನು ಮನಸ್ಸಿನೊಳಗೆ ತಾನೂ ಕಳ್ಳನೆಂದ.

ಕಾಟಪ್ಪನ ಕೆಲಸ ಹೋಯಿತು. ಪೆಟ್ರೋಲು ಕಳ್ಳನಿಗೆ ಮತ್ತೆ ಯಾರು ಸ್ಟಿಯರಿಂಗ್ ಕೊಡುತ್ತಾರೆ? ಕೊರಟಗೆರೆ ಕಡೆ ರಸ್ತೆಗೆ ಜಲ್ಲಿ ಒಡೆಯಲು ಹೋದವನು ಚಳಿಜ್ವರದಲ್ಲಿ ತೀರಿಕೊಂಡ. ಮಣ್ಣಿಗೆ ತಿಪ್ಪಯ್ಯ ಹೋಗಿರಲಿಲ್ಲ.

"ದಿನಾ ಪೆಟ್ರೋಲಾಗೇ ಗ್ರೀಸು ತೊಳೀತೀನಿ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ ತಿಪ್ಪಯ್ಯ, ಬೆಂಡಿನಿಂದ ಕಣ್ಣು ಕೀಳದೆ. "ಪೆಟ್ರೋಲಿಗೆ ಮೇಣ ಕರಗ್ತದೆ, ಬೆಂಡು ಪೆಟ್ರೋಲು ಕುಡ್ದು ಮುಳುಗ್ತದೆ ಅಂತ ನಂಗೆ ಹೊಳೀಲೇ ಇಲ್ವಲ್ಲ."

ಆದರೂ ಕೈ ತನ್ನ ಕೆಲಸ ಬಿಡುವುದಿಲ್ಲ. ಹೊಸ ಯೂನಿಟ್ಟಿನ ತೋಳನ್ನು ಟ್ಯಾಂಕಿಗಿಳಿಸಿ, ಪೆಟ್ರೋಲು ಸೋರದಂತೆ ಗ್ಯಾಸ್ಕೆಟ್ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯುತ್ತಾನೆ. ಟ್ಯಾಂಕು ಮೇಲೇರುತ್ತದೆ, ಪೆಟ್ರೋಲು ಬೀಳುತ್ತದೆ, ಬ್ಯಾಟರಿಯ ತಂತಿ ಸೇರುತ್ತದೆ. ಮುಳ್ಳು ಎಷ್ಟು ಏರಬೇಕೋ ಅಷ್ಟೇ ಏರಿ ನಿಲ್ಲುತ್ತದೆ. ಬೇರೆ ದಿನವಾಗಿದ್ದರೆ ಬೀಡಿ ಹಚ್ಚಲು ಆಚೆ ಹೋಗುತ್ತಿದ್ದ. ಇವತ್ತು ನೆಟ್ಟಗೆ ಯಜಮಾನರ ಮನೆಗೆ ಹೋಗಿ ಬೆಂಡನ್ನು ಅವರ ಮುಂದಿಡುತ್ತಾನೆ. ಹೋದವನು ಹೋದ, ಈಗ ಆ ಮಾತೆತ್ತಿ ಫಲವೇನು ಎಂದು ಅವರು ಮುಖ ತಿರುಗಿಸುತ್ತಾರೆ.

ಕಾಟಪ್ಪನ ಹೆಂಡತಿ ಓಬಳಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಾಳೆ. ತಿಪ್ಪಯ್ಯ ಅವಳ ಬಿದಿರು ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳುತ್ತಾನೆ. ಬಸ್ಸಿಗೆ ಕಾದವರಿಗೂ ಕೇಳಲಿ ಎಂಬಂತೆ ದನಿ ಏರಿಸಿಯೇ ಹೇಳುತ್ತಾನೆ.

"ನಂದೊಂದೇ ಆಸೆ ಕಣಕ್ಕ. ಇನ್ಮ್ಯಾಕೆ ಯಾರಾನ ಕಾಟಪ್ಪುನ್ನ ಕಳ್ಳ ಅಂದ್ರೆ, ತಪ್ಪು ತಿಪ್ಪಯ್ಯುಂದು ಅಂತ ಹೇಳ್ಬುಡು."

ಓಬಳಮ್ಮ ಅಳುವುದಿಲ್ಲ, ಬೈಯುವುದೂ ಇಲ್ಲ. ಮಂಕರಿಯ ಕಡಲೆಕಾಯಿಯ ಮೇಲೆ ಕೈಯಾಡಿಸುತ್ತಾ ಮೆಲ್ಲಗೆ ಹೇಳುತ್ತಾಳೆ: "ಅವ್ರು ಒಂದಿನಾನೂ ನಿನ್ ಮ್ಯಾಲೆ ಅನುಮಾನ ಪಡ್ಲಿಲ್ಲ ಕಣಣ್ಣ. ತಿಪ್ಪ ಮಾಡಿದ್ದು ತಪ್ಪೋ ಮಾತೇ ಇಲ್ಲ, ಯಾರೋ ನನ್ ಕಣ್ತಪ್ಸಿ ಕದೀತವ್ರೆ ಅನ್ನೋರು. ಅದ್ಕೇ ಪಾವಗಡದಾಗೆ ರಾತ್ರಿಯೆಲ್ಲಾ ಬಸ್ಸಿಂದ ಕೆಳಗಿಳ್ದು ಟ್ಯಾಂಕಿಗೆ ಬೆನ್ನು ಕೊಟ್ಕೊಂಡು ಎದ್ದೇ ಕುಂತಿರೋರು."